ಒಂದೂ ಮುರಿಯದ ರೊಟ್ಟಿ

ಇಂಗ್ಲೆಂಡಿಗೆ ಹೋಗುವವರು ಪೆಟ್ಟಿಗೆಯಲ್ಲಿ ಏನೇನು ತುಂಬಿಕೊಳ್ಳುತ್ತಾರೋ ನನಗೆ ಗೊತ್ತಿಲ್ಲ. ನನ್ನದರಲ್ಲಿ ನಾಲ್ಕು ಸೀರೆ, ಒಂದು ಸ್ವೆಟರು ಮತ್ತು ಎರಡು ತಗಡಿನ ಡಬ್ಬಿಗಳ ತುಂಬ ಜೋಳದ ಕಡಕ್ ರೊಟ್ಟಿ ಇದ್ದವು. ಎಂಬತ್ತರ ದಶಕದ ನಡುಭಾಗದ ಮಾತಿದು. ಒಂದು ಸೇವಾ ಸಂಸ್ಥೆಯವರು ನಮ್ಮ ಕಡೆಯ ಐದು ಜನ ಶಿಕ್ಷಕರನ್ನು ಆರಿಸಿ, ಒಂದು ತಿಂಗಳು ಅಲ್ಲಿನ ಶಾಲೆಗಳನ್ನು ನೋಡಿ ಬನ್ನಿರೆಂದು ಕಳಿಸಿದರು. ಐವರಲ್ಲಿ ನಾನೊಬ್ಬಳು, ಈರಮ್ಮ, ರಾಯಚೂರಿನ ಹೈಸ್ಕೂಲೊಂದರಲ್ಲಿ ಭೂಗೋಳ ಹೇಳಿಕೊಡುವವಳು. ಎಂಟು ವರ್ಷ ಗೋಡೆಯ ನಕಾಶೆಯ ಮೇಲೆ ಕೋಲಿಟ್ಟು ತೋರಿಸಿದ ದೇಶಕ್ಕೆ ಕಾಲಿಡುತ್ತೇನೆಂದರೆ ನೀವೇ ಊಹಿಸಿ. ಆದೇಶದ ಕಾಗದ ಬಂದ ದಿನ ಸ್ಟಾಫ್ ರೂಮಿನಲ್ಲಿ ಕುಣಿಯುವುದೊಂದು ಬಾಕಿ ಇತ್ತು.

ರಾಯಚೂರು

ರೊಟ್ಟಿಯ ಕಥೆ ಮೊದಲು ಹೇಳಬೇಕು, ಇಲ್ಲದಿದ್ದರೆ ನನ್ನನ್ನು ಜಿಪುಣಿ ಅಂದುಕೊಳ್ಳುತ್ತೀರಿ.

ನಾನು ಹುಟ್ಟಿ ಬೆಳೆದದ್ದು ಮಾನ್ವಿಯಲ್ಲಿ. ಅವ್ವ ಕಳೆ ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು, ಕೂಲಿ ಜೋಳದಲ್ಲೇ ಸಿಗುತ್ತಿತ್ತು. ಗೋಧಿ ಅಂದರೆ ನಮಗೆ ಮಂದಿ ಮನೆಯ ಮದುವೆ. ನೌಕರಿ ಸಿಕ್ಕು ರಾಯಚೂರಿನಲ್ಲಿ ರೂಮು ಮಾಡಿದ ಮೇಲೆ ನಾನು ಮೆರೆದ ಮೊದಲ ದೌಲತ್ತೆಂದರೆ ದಿನಾ ಎರಡು ಹೊತ್ತು ಚಪಾತಿ ತಿಂದದ್ದು. ಕೆಲವೇ ವರ್ಷಗಳಲ್ಲಿ ನನ್ನ ಬಳೆಗಳು ಮೊಣಕೈವರೆಗೆ ಸರಿಯತೊಡಗಿದವು. ಹೊಟ್ಟೆ ಒಂದು ದಿನವೂ ನೆಟ್ಟಗಿರಲಿಲ್ಲ. ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ. ದೃಷ್ಟಿ ತಗುಲಿದೆ ಎಂದರು ಕೆಲವರು. ಲಗ್ನ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದರು ಇನ್ನು ಕೆಲವರು. ಅವರ ಮೇಲೆ ನಾನು ರೇಗಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಕೊನೆಗೆ ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಹೋದೆ. ವಯಸ್ಸಾದ ಲೇಡಿ ಡಾಕ್ಟರೊಬ್ಬರು ನನ್ನಿಂದ ಒಂದು ನಳಿಗೆ ನುಂಗಿಸಿ, ಕರುಳಿನ ಚೂರು ತೆಗೆಸಿ ನೋಡಿ, ಕಾಯಿಲೆಯ ಹೆಸರು ಸೀಲಿಯಾಕ್ ಎಂದರು. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟಿದೆ, ಅದು ನಿನ್ನ ಕರುಳಿಗೆ ಆಗದು ಎಂದು ತಿಳಿಸಿ ಹೇಳಿದರು. "ಗೇಹೂಂ ಬಂದ್. ಜಿಂದಗಿ ಭರ್ ಬಂದ್. ಚಿಟಿಕೆಯಷ್ಟೂ ಬೇಡ."

"ಜೋಳಾ ರೀ?" ಎಂದೆ, ಅಳುವ ದನಿಯಲ್ಲಿ.

"ಜವಾರಿ? ಖಾವೋ, ಜಿತ್ನಾ ಹೋನಾ ಉತ್ನಾ ಖಾವೋ!" ಜೋಳ ಎಷ್ಟು ಬೇಕೋ ಅಷ್ಟು ತಿನ್ನು ಎಂದು ಆಕೆ ನಕ್ಕುಬಿಟ್ಟರು.

ಮಾನ್ವಿಗೆ ಹೋಗಿ ಇದನ್ನು ಹೇಳಿದಾಗ ಅವ್ವ ಬಾಯಿ ತೆರೆದು ಕೂತಳು. "ಅಂದ್ರ ನಾವು ಬ್ಯಾಸರ ಮಾಡ್ಕೊಂಡು ತಿಂತಿದ್ದ ರೊಟ್ಟಿನೇ ಈಗ ಔಷಧ ಆತೇನು?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೂ ನಗು ಬಂತು.

ಹೇಳಿದಷ್ಟು ಸುಲಭವಿರಲಿಲ್ಲ. ಗಿರಣಿಯಲ್ಲಿ ಒಬ್ಬರ ಗೋಧಿಯ ಹಿಂದೆ ನಮ್ಮ ಜೋಳ ಸುರಿದರೆ ಮೊದಲು ಬೀಳುವುದು ಅವರ ಗೋಧಿ ಹಿಟ್ಟೇ ಎಂಬುದು ನನಗೆ ಪೆಟ್ಟು ತಿಂದ ಮೇಲೆ ಗೊತ್ತಾಯಿತು. ಆಮೇಲೆ ಗಿರಣಿಯವನು ಬಾಗಿಲು ತೆಗೆಯುವ ಮೊದಲೇ ಚೀಲ ಹಿಡಿದು ನಿಲ್ಲತೊಡಗಿದೆ. ಕಲ್ಲು ಒರೆಸಿ, ನನ್ನ ಜೋಳ ಮೊದಲು ಹಾಕಬೇಕು ಎಂದು ಜಗಳ ಮಾಡಿದೆ. ಅವನು ನನ್ನನ್ನು ಕಂಡರೆ ಬೇರೆ ಮಾತಾಡದೆ ಬಟ್ಟೆ ಕೈಗೆತ್ತಿಕೊಳ್ಳುತ್ತಿದ್ದ. ವರ್ಷದೊಳಗೆ ಬಳೆಗಳು ಮಣಿಕಟ್ಟಿಗೆ ಇಳಿದವು. ಅಷ್ಟರಲ್ಲೇ ಇಂಗ್ಲೆಂಡಿನ ಕಾಗದ ಬಂತು. ಅಲ್ಲಿಯವರೋ ಬ್ರೆಡ್ಡು ತಿಂದೇ ಬದುಕುವವರು. ಒಂದು ತಿಂಗಳು ಕೆಡದೆ ಇರುವ ಊಟವೆಂದರೆ ಕಡಕ್ ರೊಟ್ಟಿ ಒಂದೇ. ಒಂದು ಡಬ್ಬಿ ಅವ್ವ, ಒಂದು ಡಬ್ಬಿ ದೊಡ್ಡವ್ವ ಮಾಡಿಕೊಡುವುದು ಎಂದಾಯಿತು.

ಮಾನ್ವಿ

ಅವ್ವ ತನ್ನ ಡಬ್ಬಿಯನ್ನು ಒಬ್ಬಳೇ ತುಂಬಿದಳು. ಗಿರಣಿಗೆ ಎಲ್ಲರಿಗಿಂತ ಮೊದಲು ಹೋಗಿ ಬಂದಳು, ಎರಡು ದಿನ ಒಲೆಯ ಮುಂದೆ ಕೂತು ಬಡಿದಳು, ಮರುಬೇಯಿಸಿ ಒಣಗಿಸಿದಳು. ಡಬ್ಬಿಗೆ ಇಡುವಾಗಲೇ ನಾಲ್ಕಾರು ರೊಟ್ಟಿ ಚಟಚಟ ಮುರಿದವು.

"ಇವು ಮುಂಬೈ ಮುಟ್ಟೋದ್ರಾಗ ಪುಡಿ ಆಗ್ತಾವ ಬೇ," ಎಂದೆ.

"ಆಗ್ಲಿ ಬಿಡು. ಬಾಯಾಗ ಹಾಕ್ಕೊಂಡ ಮ್ಯಾಲ ಹ್ಯಾಂಗಿದ್ರೂ ಮುರೀಬೇಕಲ್ಲ!"

ನನ್ನ ಅವ್ವನಿಗೆ ಇಂಥದ್ದಕ್ಕೆಲ್ಲ ಚಿಂತೆಯಿಲ್ಲ.

ದೇವದುರ್ಗ

ದೊಡ್ಡವ್ವ ಅಯ್ಯಮ್ಮ, ಅವ್ವನ ಅಕ್ಕ, ಬೇರೆಯೇ ಹದದವಳು. ದೇವದುರ್ಗದ ಅವಳ ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ ರೊಟ್ಟಿಯನ್ನು ಇಡೀ ಓಣಿ ಸೇರಿ ಬಡಿಯುತ್ತದೆ. ಇವತ್ತು ನಿಮಗೆ ನಾವು, ನಾಳೆ ನಮಗೆ ನೀವು. ನನ್ನ ಪ್ರಯಾಣವನ್ನು ದೊಡ್ಡವ್ವ ಮದುವೆಯ ಲೆಕ್ಕಕ್ಕೇ ಸೇರಿಸಿದಳು. ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ಅಂಗಳದಲ್ಲಿ ಮೂರು ಒಲೆ ಉರಿಯುತ್ತಿದ್ದವು, ಹತ್ತು ಜನ ಹೆಂಗಸರು ಸೆರಗು ಸಿಕ್ಕಿಸಿ ಕೂತಿದ್ದರು. "ಅಲ್ಲಿ ರಾಣಿ ಮನೀಗೆ ಊಟಕ್ಕ ಕರೀತಾರೇನು?" "ಅಲ್ಲಿ ಹೆಂಗಸರು ಕಳೇ ತೆಗಿಯಾಕ ಹೋಗ್ತಾರೇನು?" ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ದೊಡ್ಡವ್ವ ನಡುವೆ ನಿಂತು ಅಪ್ಪಣೆ ಕೊಟ್ಟಳು. "ಕೇಳ್ರೆವ್ವಾ, ಹುಡುಗಿಗಿ ಗೋದಿ ಆಗಂಗಿಲ್ಲ. ನಿಮ್ಮ ನಿಮ್ಮ ಮನಿ ಹಿಟ್ಟು ತರಬ್ಯಾಡ್ರಿ. ಹಿಟ್ಟು ನಂದು, ನಾದೋದು ನಾನು, ನೀವು ಬರೇ ಬಡೀರಿ."

ನನಗೆ ಸಮಾಧಾನವಾಯಿತು. ಆದರೆ ಮೊದಲ ರೊಟ್ಟಿಗಳೇ ಅಂಚಿನಲ್ಲಿ ಬಿರಿದವು. "ಹ್ವಾದ ವರ್ಷದ ಜ್ವಾಳ, ಅಯ್ಯಕ್ಕಾ, ಜಿಗಿ ಹೋಗ್ಯಾದ," ಎಂದಳು ಒಬ್ಬಳು. ಹಿಟ್ಟು ಅಂಟಿಕೊಂಡು ನಿಲ್ಲುವ ಗುಣಕ್ಕೆ ನಮ್ಮಲ್ಲಿ ಜಿಗಿ ಎನ್ನುತ್ತಾರೆ.

ದೊಡ್ಡವ್ವನ ಮುಖ ಬಿಗಿದುಕೊಂಡಿತು. "ನಮ್ಮ ಓಣಿ ರೊಟ್ಟಿ ವಿಲಾಯತಿಗೆ ಹೊಂಟಾವ. ಮುರುಕು ರೊಟ್ಟಿ ಕಟ್ಟಿ ಕಳಿಸಿದ್ರ ಅಲ್ಲೀ ಮಂದಿ ಏನಂದಾರು? ತಡೀರಿ, ನಾ ಬ್ಯಾರೇ ನಾದಿ ತರ್ತೀನಿ." ಹಿಟ್ಟು ನಾದುವ ಪರಾತ ಎತ್ತಿಕೊಂಡು ಒಳಗೆ ಹೋದಳು. ಮತ್ತೆ ತಂದ ಹಿಟ್ಟು ಹೇಳಿದ ಮಾತು ಕೇಳಿತು. ರೊಟ್ಟಿಗಳು ಚಂದ್ರನಷ್ಟು ದುಂಡಗೆ, ಕಾಗದದಷ್ಟು ತೆಳ್ಳಗೆ ಬಂದವು. "ಏನ್ ಕೈಯವ್ವಾ ನಿಂದು!" ಎಂದು ಎಲ್ಲರೂ ಹೊಗಳಿದರು. ನಾನೂ ಹೊಗಳಿದೆ.

ಮರುದಿನ ಓಣಿಗೆ ಓಣಿಯೇ ಬಸ್ ಸ್ಟ್ಯಾಂಡಿಗೆ ಬಂದು ನನ್ನನ್ನು ಹತ್ತಿಸಿತು. ಬಸ್ಸು ಮಸರಕಲ್ ದಾಟುವ ತನಕ ನನ್ನ ಕಣ್ಣು ಒಣಗಲಿಲ್ಲ. ಆ ಓಣಿಯಿಂದ ಮುಂಬೈಗೇ ಯಾರೂ ಹೋದವರಿರಲಿಲ್ಲ.

ಲಂಡನ್ ವಿಮಾನ ನಿಲ್ದಾಣ

ಕಸ್ಟಮ್ಸಿನ ಎತ್ತರದ ಮನುಷ್ಯ ಅವ್ವನ ಡಬ್ಬಿ ತೆರೆಸಿ ರೊಟ್ಟಿಯ ಒಂದು ತುಂಡು ಎತ್ತಿ, ಬೆರಳಿನಿಂದ ಟಕಟಕ ಬಡಿದು, ಇದೇನು ಎಂದ. ಊಟ ಎಂದೆ. ಬೆಳಕಿಗೆ ಹಿಡಿದು ನೋಡಿದ. ನಂಬಿಕೆ ಬರಲಿಲ್ಲ. ನಾನು ಅವನ ಕೈಯಿಂದ ಕಸಿದುಕೊಂಡು ಕಟಕ್ಕನೆ ಮುರಿದು ಅವನೆದುರೇ ತಿಂದೆ. ಅವ್ವನ ರೊಟ್ಟಿಯ ಸದ್ದು ಆ ದೊಡ್ಡ ಹಾಲಿನಲ್ಲೆಲ್ಲ ಕೇಳಿಸಿರಬೇಕು. ನನ್ನ ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಅವನು ಮಾತ್ರ 'ಸಾರಿ' ಎಂದ.

ಈ 'ಸಾರಿ' ಬಗ್ಗೆ ಎರಡು ಮಾತು. ಆ ದೇಶದಲ್ಲಿ ನೀವು ಅವರ ಕಾಲು ತುಳಿದರೆ ಅವರು ಸಾರಿ ಎನ್ನುತ್ತಾರೆ. ನಮ್ಮ ಮಾನ್ವಿ ಬಸ್ಸಿನಲ್ಲಿ ಕಾಲು ತುಳಿಸಿಕೊಂಡವನು ತುಳಿದವನ ಮೂರು ತಲೆಮಾರಿನ ಸುದ್ದಿ ತೆಗೆಯುತ್ತಾನೆ. ಯಾವುದು ಮೇಲೋ ನಾನು ತೀರ್ಪು ಕೊಡಲಾರೆ. ಬಸ್ಸಿನ ಬೈಗುಳದಲ್ಲಿ ಹೊತ್ತಾದರೂ ಹೋಗುತ್ತದೆ.

ಮೊದಲ ಮನೆ

ನಮ್ಮನ್ನು ಉತ್ತರದ ಲೀಡ್ಸ್ ಹತ್ತಿರದ ಸಣ್ಣ ಊರೊಂದಕ್ಕೆ ಕರೆದೊಯ್ದು, ಒಬ್ಬೊಬ್ಬರನ್ನು ಒಂದೊಂದು ಮನೆಯಲ್ಲಿ ಇಳಿಸಿದರು. ಹತ್ತು ದಿನಕ್ಕೊಮ್ಮೆ ಮನೆ ಬದಲಿಸುವುದು ಕ್ರಮ. ಮೊದಲ ಮನೆಯ ಮೇಷ್ಟ್ರು ದಂಪತಿ ನನಗೆ ಆಲೂಗಡ್ಡೆ, ಬಟಾಣಿ, ಮೊಟ್ಟೆ ಬೇಯಿಸಿಕೊಟ್ಟರು. ಸಂಜೆ ಐದೂವರೆಗೆ ರಾತ್ರಿಯೂಟ ಮುಗಿಸಿ ಅದನ್ನು 'ಟೀ' ಎಂದು ಕರೆದರು. ಹಾಸಿಗೆಯಲ್ಲಿ ಬಿಸಿನೀರಿನ ರಬ್ಬರು ಚೀಲ ಇಟ್ಟಿದ್ದರು. ಕಾಲಿಗೆ ಬೆಚ್ಚಗೆ ಏನೋ ತಗುಲಿ ಅಲುಗಾಡಿದ್ದೇ ನಾನು ಕಿರುಚಿಕೊಂಡು ಮೆಟ್ಟಿಲ ತನಕ ಓಡಿದ್ದೆ.

ಅಲ್ಲಿ ಗೋಧಿ ಎಲ್ಲೆಲ್ಲಿ ಅಡಗಿರುತ್ತದೆ ಅನ್ನುತ್ತೀರಿ! ಸೂಪಿನಲ್ಲಿ, ಮಾಂಸದ ಸಾರು ಮಂದವಾಗಲೆಂದು ಹಾಕುವ ಹಿಟ್ಟಿನಲ್ಲಿ, ಕೊನೆಗೆ ಸಾಸೇಜೆಂಬ ಮಾಂಸದ ಕೊಳವೆಯೊಳಗೂ ಬ್ರೆಡ್ಡಿನ ಪುಡಿ. ಆದರೂ ನನಗೇನೂ ಆಗಲಿಲ್ಲ. ಅವ್ವ ಹೇಳಿದಂತೆ ರೊಟ್ಟಿಗಳು ಚೂರುಚೂರಾಗಿದ್ದವು, ನಾನು ಅವನ್ನು ಬೋಗುಣಿಗೆ ಹಾಕಿ ಬಿಸಿ ಹಾಲು ಸುರಿದು ಚಮಚೆಯಲ್ಲಿ ತಿನ್ನುತ್ತಿದ್ದೆ. ಇದು ಇಂಡಿಯಾದ ಕಾರ್ನ್‌ಫ್ಲೇಕ್ಸ್ ಎಂದು ಮೇಷ್ಟ್ರು ತಿಳಿದುಕೊಂಡರು. ಹೌದೆಂದೆ. ಹಗಲೆಲ್ಲ ಶಾಲೆ ನೋಡುವುದು, ಮಕ್ಕಳ ಜೊತೆ ಆಡುವುದು, ಹಸಿರು ಗುಡ್ಡ ಹತ್ತುವುದು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಡೋರೀನಳ ಮನೆ

ಎರಡನೇ ಮನೆ ಡೋರೀನ್ ಎಂಬ ವಿಧವೆಯದು. ಶಾಲೆಯ ಅಡುಗೆಮನೆಯಲ್ಲಿ ಬದುಕಿಡೀ ದುಡಿದು ನಿವೃತ್ತಳಾದವಳು. ಗಟ್ಟಿ ದೇಹ, ಕಡಿಮೆ ಮಾತು. ಅಲ್ಲಿಗೆ ಹೋದ ದಿನವೇ ಅವ್ವನ ಡಬ್ಬಿ ತಳ ಕಂಡಿತ್ತು, ದೊಡ್ಡವ್ವನ ಡಬ್ಬಿ ತೆರೆದೆ. ಏನು ಹೇಳಲಿ, ಒಂದೇ ಒಂದು ರೊಟ್ಟಿ ಮುರಿದಿರಲಿಲ್ಲ! ರೈಲು, ವಿಮಾನ, ಕಾರು ಎಲ್ಲ ಹತ್ತಿಳಿದು ಬಂದರೂ ಒಂದರ ಅಂಚೂ ಚಕ್ಕೆ ಎದ್ದಿರಲಿಲ್ಲ. ಡೋರೀನಳಿಗೆ ತೋರಿಸಿ ದೊಡ್ಡವ್ವನ ಕೈಗುಣದ ಬಗ್ಗೆ ಅರ್ಧ ಗಂಟೆ ಕೊಚ್ಚಿಕೊಂಡೆ.

ಮೂರನೇ ದಿನ ಹೊಟ್ಟೆ ಕೆಟ್ಟಿತು. ನಾಲ್ಕನೇ ದಿನ ಹಳೆಯ ಕತ್ತಲೆ ಕಣ್ಣಿಗೆ ಬಂತು. ನನ್ನ ಸ್ವಭಾವ ನಿಮಗೆ ತಿಳಿದೇ ಇದೆ. ಮನೆ ಬದಲಾಯಿತು, ಹೊಟ್ಟೆ ಕೆಟ್ಟಿತು, ಅಂದಮೇಲೆ ತಪ್ಪು ಮನೆಯದೇ. ಅಡುಗೆಮನೆಗೆ ನುಗ್ಗಿ, "ನಿಮ್ಮ ಪಾತ್ರೆಗಳಲ್ಲಿ ಹಿಟ್ಟು ಅಂಟಿದೆ, ನೀವು ಸರಿಯಾಗಿ ತೊಳೆಯುವುದಿಲ್ಲ," ಎಂದುಬಿಟ್ಟೆ. ಮೂವತ್ತು ವರ್ಷ ಮಕ್ಕಳಿಗೆ ಅಡುಗೆ ಮಾಡಿ ಹಾಕಿದ ಹೆಂಗಸಿಗೆ ಆ ಮಾತು! ಅವಳ ಮುಖ ಕೆಂಪಾಯಿತು. ಸಾರಿ ಎಂದಳು, ಅಷ್ಟೇ.

ಮರುದಿನ ಬೆಳಿಗ್ಗೆ ನೋಡಿದರೆ ಕಪಾಟುಗಳೆಲ್ಲ ಬರಿದು, ಡೋರೀನ್ ಮೊಣಕಾಲೂರಿ ಒಳಗೆಲ್ಲ ತಿಕ್ಕುತ್ತಿದ್ದಾಳೆ. ಒಲೆಯ ಮೇಲೊಂದು ಹೊಸ ಪಾತ್ರೆ, ಅದರ ಹಿಡಿಗೆ ನೀಲಿ ಉಣ್ಣೆಯ ದಾರದ ಗಂಟು. "ನೀಲಿ ದಾರದ್ದು ನಿನ್ನದು. ಅದರಲ್ಲಿ ಬೇರೇನೂ ಬೇಯಿಸುವುದಿಲ್ಲ," ಎಂದಳು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅದರಲ್ಲಿ ಬೇಯಿಸಿದ್ದನ್ನೂ ಮುಟ್ಟದೆ, ನೀರು ಮತ್ತು ನನ್ನ ರೊಟ್ಟಿ, ಇಷ್ಟರ ಮೇಲೆ ಇದ್ದುಬಿಟ್ಟೆ.

ಕಾಯಿಲೆ ಹೆಚ್ಚಿತು. ನಮ್ಮ ತಂಡದ ಹಿರಿಯರಾದ ಹೆಡ್‌ಮಾಸ್ಟರು ಬಂದು ನನ್ನನ್ನು ನೋಡಿ ಗಾಬರಿಯಾದರು. "ಈರಮ್ಮಾರೆ, ಸೋಮವಾರದೊಳಗ ಸುಧಾರಿಸಲಿಲ್ಲಂದ್ರ ನಿಮ್ಮನ್ನ ವಾಪಸ್ ಕಳಿಸ್ತೀನ್ರಿ. ಪರದೇಶದಾಗ ಏನರೆ ಹೆಚ್ಚುಕಮ್ಮಿ ಆದ್ರ ನಿಮ್ಮ ತಾಯಿಗಿ ನಾ ಏನ್ ಹೇಳ್ಲಿ?" ಎಂದರು. ಅವರು ಹೋದ ಮೇಲೆ ನಾನು ಗೋಡೆ ಕಡೆ ತಿರುಗಿ ಅತ್ತೆ. ಓಣಿಯ ಅಷ್ಟೂ ಜನ ಬಸ್ ಸ್ಟ್ಯಾಂಡಿಗೆ ಬಂದು ಕಳಿಸಿದ್ದರು. ಅರ್ಧಕ್ಕೆ ಬಿಟ್ಟು ಹೋಗಿ ಯಾವ ಮುಖ ತೋರಿಸುವುದು? ಬರುವ ವಾರ ಮಕ್ಕಳಿಗೆ ನಮ್ಮೂರಿನ ಪಾಠ ಹೇಳುವುದೂ ಬಾಕಿಯಿತ್ತು.

ಶನಿವಾರ ಬೆಳಿಗ್ಗೆ ಡೋರೀನ್ ಚಹಾ ಹಿಡಿದು ಬಂದು ಕುರ್ಚಿ ಎಳೆದು ಕೂತಳು. "ಮೂರು ದಿನದಿಂದ ನನ್ನ ಮನೆಯದು ನೀರು ಬಿಟ್ಟರೆ ನೀನೇನೂ ಮುಟ್ಟಿಲ್ಲ," ಎಂದಳು. "ಆದರೂ ಹೆಚ್ಚಾಗುತ್ತಿದೆ. ಹಾಗಾದರೆ ಉಳಿದದ್ದೇನು?" ಎಂದು ಡಬ್ಬಿಯ ಕಡೆ ನೋಡಿದಳು.

ನನ್ನ ದೊಡ್ಡವ್ವನ ಮೇಲೆ ಗೂಬೆ ಕೂರಿಸುತ್ತಾಳೆಯೇ! ಮೈಯೆಲ್ಲ ಉರಿಯಿತು. ಬಯ್ಯಲು ಬಾಯಿ ತೆರೆದವಳು, ಡಬ್ಬಿಯೊಳಗಿನ ಆ ಸುಂದರ ರೊಟ್ಟಿಗಳನ್ನು ಕಂಡು ಹಾಗೇ ನಿಂತೆ. ಒಂದೂ ಮುರಿದಿಲ್ಲ. ಅವ್ವನ ರೊಟ್ಟಿ ಪುಡಿಯಾಗಿದ್ದವು. ನನ್ನ ಬದುಕಿನಲ್ಲಿ ನಾನು ನೋಡಿದ ಎಲ್ಲ ಕಡಕ್ ರೊಟ್ಟಿಗಳೂ ಮುರಿದಿದ್ದವು. ಇವು ಯಾಕೆ ಮುರಿದಿಲ್ಲ?

ಎರಡು ಬಟ್ಟಲಿಗೆ ಬಿಸಿನೀರು ಹಾಕಿಸಿದೆ. ಒಂದಕ್ಕೆ ಅವ್ವನ ಡಬ್ಬಿಯ ತಳದ ಚೂರು, ಇನ್ನೊಂದಕ್ಕೆ ದೊಡ್ಡವ್ವನ ರೊಟ್ಟಿಯ ತುಂಡು. ಇಬ್ಬರೂ ಮೊಣಕೈಯೂರಿ ಕಾದೆವು. ಅವ್ವನದು ಕರಗಿ ಅಂಬಲಿಯಾಯಿತು. ದೊಡ್ಡವ್ವನದನ್ನು ಬೆರಳಿನಲ್ಲಿ ಎತ್ತಿದರೆ ಒದ್ದೆ ಬಟ್ಟೆಯಂತೆ ಹಾಗೇ ಎದ್ದು ಬಂತು. ಪರಾತ ಎತ್ತಿಕೊಂಡು ಅವಳು ಒಳಗೆ ಹೋದದ್ದು ಕಣ್ಣಿಗೆ ಕಟ್ಟಿತು. ಹಳೆ ಜೋಳಕ್ಕೆ ಜಿಗಿ ಬರಲೆಂದು ಗೋಧಿ ಹಿಟ್ಟು ಬೆರೆಸಿದ್ದಳು. ಅವಳು ಬೆರೆಸಿದ ಜಿಗಿಯೂ ಡಾಕ್ಟರು ಹೇಳಿದ ಗ್ಲುಟೆನ್ನೂ ಒಂದೇ ಅಂಟು.

ನಾನು ಬಗ್ಗಿ ಡೋರೀನಳ ಕಾಲು ಮುಟ್ಟಲು ಹೋದೆ. ಏನೋ ಕೆಳಗೆ ಬಿತ್ತೆಂದು ಅವಳೂ ಬಗ್ಗಿದಳು. ಹಣೆಗೆ ಹಣೆ ಡಿಕ್ಕಿ ಹೊಡೆಯಿತು. "ಸಾರಿ," ಎಂದಳು ಅವಳು. ತಪ್ಪು ನನ್ನದು, ಸಾರಿ ಅವಳದು! ಇಬ್ಬರೂ ಹಣೆ ತಿಕ್ಕಿಕೊಳ್ಳುತ್ತ ನೆಲದ ಮೇಲೇ ಕೂತು ನಕ್ಕೆವು. ನಗುತ್ತ ನಗುತ್ತ ನನಗೆ ಅಳು ಬಂತು.

ಲೀಡ್ಸ್

ಅವತ್ತೇ ಮಧ್ಯಾಹ್ನ ಡೋರೀನ್ ನನ್ನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಲೀಡ್ಸಿಗೆ ಹೋದಳು. ನಾಲ್ಕು ಬೀದಿ ಕೇಳಿ ಅಲೆದು ಒಂದು ಗುಜರಾತಿ ಅಂಗಡಿ ಹುಡುಕಿದೆವು. ಗಲ್ಲೆಯ ಮೇಲಿದ್ದ ಅಮ್ಮನಿಗೆ "ಜವಾರ್ ಕಾ ಆಟಾ?" ಎಂದೆ. ಅವಳು ತಲೆಯನ್ನೂ ಎತ್ತದೆ ಹಿಂದಿನ ಕಪಾಟಿನಿಂದ ಒಂದು ಪೊಟ್ಟಣ ತೆಗೆದಿಟ್ಟಳು. ಅಷ್ಟು ದೂರದ ಊರಿನಲ್ಲಿ ಜೋಳದ ಹಿಟ್ಟು, ಉಪ್ಪಿನ ಪೊಟ್ಟಣದಷ್ಟು ಸಹಜವಾಗಿ! ನಾನು ಅದನ್ನು ಎದೆಗೆ ಒತ್ತಿಕೊಂಡೇ ಬಸ್ಸು ಹತ್ತಿದೆ.

ಇನ್ನು ಬಡಿಯುವ ಪ್ರಶ್ನೆ. ಓದು, ನೌಕರಿ ಎಂದು ತಿರುಗಿದವಳು ನಾನು, ನನ್ನ ಕೈಯ ರೊಟ್ಟಿ ಯಾವತ್ತೂ ದುಂಡಗೆ ಬಂದಿಲ್ಲ. ಎಸರು ಕುದಿಸಿ ಹಿಟ್ಟಿಗೆ ಸುರಿದಾಗ ಡೋರೀನ್ ಹೌಹಾರಿದಳು. ಅವರಲ್ಲಿ ಕಣಕಕ್ಕೆ ತಣ್ಣೀರು, ತಣ್ಣನೆ ಕೈ ಬೇಕಂತೆ. ಬೆಚ್ಚನೆ ಕೈಯವಳು ಒಳ್ಳೆ ಅಡುಗೆಯವಳಲ್ಲವಂತೆ. ನಮ್ಮಲ್ಲಿ ಕೈ ಸುಡದಿದ್ದರೆ ರೊಟ್ಟಿಯೇ ಇಲ್ಲ ಎಂದೆ. ಮೊದಲ ರೊಟ್ಟಿ ಆಸ್ಟ್ರೇಲಿಯಾದಂತೆ ಬಂತು. ಎರಡನೆಯದು ಎತ್ತುವಾಗ ಮೂರು ದೇಶವಾಯಿತು. ಡೋರೀನ್ ಅಂಗಿಯ ತೋಳು ಮಡಚಿ ತಾನೂ ಒಂದು ಬಡಿದಳು. ಅದು ನನ್ನದಕ್ಕಿಂತ ದುಂಡಗಿತ್ತು! ನನಗೆ ಹೊಟ್ಟೆಕಿಚ್ಚಾದದ್ದು ನಿಜ.

ಮುರಿದ, ಸೀದ ಆ ರೊಟ್ಟಿ ತಿಂದು ಸೋಮವಾರಕ್ಕೆ ಎದ್ದು ಕೂತೆ, ಬುಧವಾರ ಗುಡ್ಡ ಹತ್ತಿದೆ. ಹೆಡ್‌ಮಾಸ್ಟರು ವಿಮಾನದ ಮಾತೆತ್ತಲಿಲ್ಲ, ಮನೆಯನ್ನೂ ಬದಲಿಸದೆ ನನ್ನನ್ನು ಡೋರೀನಳಲ್ಲೇ ಉಳಿಸಿದರು. ಶಾಲೆಯ ಪಾಠದ ದಿನ ನಕಾಶೆಯ ಮೇಲೆ ಕೃಷ್ಣೆ, ತುಂಗಭದ್ರೆಯರನ್ನು ತೋರಿಸಿ, ಅವುಗಳ ನಡುವಿನ ನಮ್ಮೂರು ಏನು ತಿನ್ನುತ್ತದೆ ನೋಡಿ ಎಂದು ಇಪ್ಪತ್ತು ಮಕ್ಕಳಿಗೆ ರೊಟ್ಟಿ ಬಡಿಯಲು ಕೊಟ್ಟೆ. ಅಷ್ಟು ಗದ್ದಲದ ತರಗತಿ ಆ ಶಾಲೆ ಕಂಡಿರಲಿಲ್ಲವಂತೆ.

ದೊಡ್ಡವ್ವನ ಡಬ್ಬಿಯನ್ನು ತಿಪ್ಪೆಗೆ ಸುರಿಯಲು ಮನಸ್ಸು ಬರಲಿಲ್ಲ. ಡೋರೀನ್ ಹಿತ್ತಲಲ್ಲಿ ಹಕ್ಕಿಗಳಿಗೆ ಹಾಕಿದಳು. ಒಂದೇ ಒಂದು ರೊಟ್ಟಿಯನ್ನು ಸೀರೆಯ ಮಡಿಕೆಯಲ್ಲಿಟ್ಟು ವಾಪಸ್ ತಂದೆ. ಹೊರಡುವಾಗ ಡೋರೀನ್ ನೀಲಿ ಉಣ್ಣೆಯ ಒಂದು ಉಂಡೆ ನನ್ನ ಕೈಗಿಟ್ಟಳು.

ಮತ್ತೆ ದೇವದುರ್ಗ

ಇಂಗ್ಲೆಂಡಿಗೆ ಹೋಗುವಾಗಲೂ ನನಗೆ ಅಷ್ಟು ಎದೆ ಹೊಡೆದುಕೊಂಡಿರಲಿಲ್ಲ. ಹೇಳದಿದ್ದರೆ ಮುಂದಿನ ಸಲವೂ ಹಾಕುತ್ತಾಳೆ. ಹೇಳಿದರೆ ಮುದುಕಿಯ ಎದೆ ಒಡೆಯುತ್ತದೆ. ಸುತ್ತ ಯಾರೂ ಇಲ್ಲದಾಗ ಆ ರೊಟ್ಟಿ ತೆಗೆದು ಮುಂದಿಟ್ಟೆ.

ದೊಡ್ಡವ್ವನ ಮುಖ ಅರಳಿತು. "ಅಯ್ಯಯ್ಯ, ಹೋಗಿ ಬಂದ್ರೂ ಮುರಿದಿಲ್ಲ ನೋಡು!"

"ದೊಡ್ಡವ್ವಾ, ಹಿಟ್ಟಿಗಿ ಏನರೆ ಬೆರಸಿದ್ದೇನು?"

"ಏನ್ ಬೆರಸ್ಲಿ? ಜಿಗೀಗಂತ ಎರಡು ಬೊಗಸಿ ಗೋದಿ ಹಿಟ್ಟು ಹಾಕಿದ್ದೆ. ಅದೇನು ಗೋದಿ ತಿಂದಂಗೇನು? ಚಪಾತಿ ಮಾಡಿದ್ರ ಗೋದಿ. ಜಿಗೀಗ ಹಾಕಿದ್ದು ಜಿಗಿ."

ನಾನು ಎಲ್ಲ ಹೇಳಿದೆ. ಇಲ್ಲದ್ದನ್ನು ಸೇರಿಸಲಿಲ್ಲ. ಇದ್ದದ್ದನ್ನೂ ಬಿಡಲಿಲ್ಲ. ಅವಳು ರೊಟ್ಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ ಕೂತಳು.

"ನನ್ನ ಕೈಯಾರೆ ನಿನ್ನ ಹೊಟ್ಟಿಗಿ ಇಸ ಹಾಕಿದ್ನೇನ ಯವ್ವಾ," ಎಂದಳು. ಊಟಕ್ಕೂ ಏಳಲಿಲ್ಲ. ನಾನು ನೀಲಿ ಉಣ್ಣೆಯ ಉಂಡೆಯನ್ನು ಅವಳ ಹತ್ತಿರ ಇಟ್ಟು, ಡೋರೀನಳ ಪಾತ್ರೆಯ ಕಥೆ ಹೇಳಿ ಬಸ್ಸು ಹಿಡಿದೆ. ರಾಯಚೂರು ಮುಟ್ಟುವ ತನಕ ನನ್ನನ್ನು ನಾನೇ ಬೈದುಕೊಂಡೆ. ಇನ್ನೊಂದಿಷ್ಟು ಮೆತ್ತಗೆ ಹೇಳಬಹುದಿತ್ತು.

ಒಂದು ತಿಂಗಳು ಸುದ್ದಿಯಿಲ್ಲ. ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ದೊಡ್ಡವ್ವ, ಕಂಕುಳಲ್ಲಿ ಡಬ್ಬಿ, ಡಬ್ಬಿಯ ಹಿಡಿಗೆ ನೀಲಿ ದಾರ. ನೀರು ಕೊಡಲು ಹೋದರೆ ಬೇಡವೆಂದಳು. ಅವಳ ಅಂಗೈಯಲ್ಲಿ ಬೊಬ್ಬೆಗಳೆದ್ದಿದ್ದವು.

"ಬೀಸುಕಲ್ಲಿನ್ಯಾಗ ಬೀಸೀನಿ. ಗಿರಣ್ಯಾಗ ಮಂದಿ ಗೋದಿ ಇರ್ತಾವ," ಎಂದಳು. ಆಮೇಲೆ ತಲೆ ತಗ್ಗಿಸಿ, "ತೊಡಿ ಮ್ಯಾಲ ಇಟ್ಕೊಂಡ ಬಂದೀನಿ ಯವ್ವಾ, ಆದ್ರೂ..." ಎಂದು ನಿಲ್ಲಿಸಿದಳು.

ನಾನು ಮುಚ್ಚಳ ತೆಗೆದೆ. ಒಂದು ರೊಟ್ಟಿಯೂ ಇಡಿಯಾಗಿ ಉಳಿದಿರಲಿಲ್ಲ. ನಿಂತಲ್ಲೇ ಒಂದು ಹಿಡಿ ಚೂರು ತೆಗೆದು ಬಾಯಿಗೆ ಹಾಕಿಕೊಂಡೆ.